ಬಡಿಸುವ ಕೈಗೂ ಒಂದು ತಟ್ಟೆ

ಹೋದ ವರ್ಷದ ತಪಸ್ಸುಕಾಲದ ಒಂದು ಭಾನುವಾರ. ಬೆಳಗಿನ ಬಲಿಪೂಜೆ ಮುಗಿದ ಮೇಲೆ ನಮ್ಮ ದೇವಾಲಯದ ಸಭಾಂಗಣದಲ್ಲಿ ಉಚಿತ ಆರೋಗ್ಯ ತಪಾಸಣೆ ಏರ್ಪಾಡಾಗಿತ್ತು. ನನಗೆ ಸಕ್ಕರೆ ಕಾಯಿಲೆ ಇರಬಹುದೆಂಬ ಅನುಮಾನ. ಹೋಗಿ ಸಾಲಿನಲ್ಲಿ ನಿಂತೆ. ಜೊತೆಗಿದ್ದ ನನ್ನ ಹೆಂಡತಿ, "ನನಗೇನಾಗಿದೆ? ನೀವು ತೋರಿಸ್ಕೊಳ್ಳಿ" ಎಂದು ಬೆಂಚಿನ ಮೇಲೆ ಕುಳಿತುಬಿಟ್ಟಳು. ಅಲ್ಲಿದ್ದ ದಾದಿಯೊಬ್ಬರು ಬಿಡದೆ ಅವಳ ಬೆರಳಿನಿಂದಲೂ ಒಂದು ಹನಿ ರಕ್ತ ತೆಗೆದರು. ನನ್ನ ಸಕ್ಕರೆ ಸರಿಯಾಗಿಯೇ ಇತ್ತು. ಅವಳ ಹಿಮೋಗ್ಲೋಬಿನ್ ಮಾತ್ರ 8.2ಕ್ಕೆ ಇಳಿದಿತ್ತು. ಹೆಂಗಸರಿಗೆ ಅದು ಕನಿಷ್ಠ 12 ಇರಬೇಕು.

ವೈದ್ಯೆ ಕೇಳಿದರು: "ಬೆಳಿಗ್ಗೆ ಏನು ತಿಂದ್ರಮ್ಮಾ?"

"ಕಾಫಿ ಕುಡ್ದಿದ್ದೀನಿ ಡಾಕ್ಟ್ರೇ."

"ನಿನ್ನೆ ರಾತ್ರಿ?"

"ಅನ್ನ, ಸಾರು."

"ಸೊಪ್ಪು, ಪಲ್ಯ ಏನೂ ಇಲ್ವಾ?"

ಅವಳು ಸುಮ್ಮನಿದ್ದಳು. ನಾನೇ ಮುಂದೆ ಬಂದು, "ಇತ್ತಲ್ಲ ಡಾಕ್ಟ್ರೇ, ನಿನ್ನೆ ದಂಟಿನ ಸೊಪ್ಪಿನ ಬಸ್ಸಾರು ಮಾಡಿದ್ದಳು. ಪಲ್ಯ ಬಹಳ ಚೆನ್ನಾಗಿತ್ತು" ಎಂದೆ.

ವೈದ್ಯೆ ನನ್ನತ್ತ ತಿರುಗಿ, "ನಾನು ಕೇಳಿದ್ದು ಇವರು ತಿಂದದ್ದನ್ನ" ಎಂದರು.

ಬಸ್ಸಾರು ಮಾಡುವ ಬಗೆ ನಮ್ಮ ಕಡೆಯವರಿಗೆ ಗೊತ್ತು. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ನೀರನ್ನು ಬಸಿದು, ಆ ನೀರಿಗೆ ಖಾರ ಕೂಡಿಸಿ ಸಾರು ಮಾಡುತ್ತಾರೆ. ಬೆಂದ ಸೊಪ್ಪು-ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತಾರೆ. ನಮ್ಮ ಮನೆಯಲ್ಲಿ ಪಲ್ಯ ನನಗೆ ಮತ್ತು ಮಕ್ಕಳಿಗೆ ಸಂದು, ಕೊನೆಗೆ ಕೂರುವ ಅವಳಿಗೆ ಸಾರು ಮಾತ್ರ ಉಳಿಯುತ್ತಿತ್ತು. ಹೀಗೆ ಇಪ್ಪತ್ತೆರಡು ವರ್ಷ ನಡೆದಿದೆ. ಆ ದಿನದವರೆಗೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ ಎಂದರೆ ನಾಚಿಕೆಯಾಗುತ್ತದೆ.

ಮನೆಗೆ ಬರುವ ದಾರಿಯಲ್ಲಿ ಅವಳು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. "ಹೊಟ್ಟೆಗೆ ತಿನ್ನೋದಕ್ಕೂ ಇಷ್ಟೊಂದು ಲೆಕ್ಕ ಹಾಕ್ಬೇಕೇನ್ರೀ? ಸಾರಂಶ ಇರೋದನ್ನೆಲ್ಲ ನಾನು ಮೊದ್ಲು ನನ್ನ ತಟ್ಟೆಗೆ ಹಾಕ್ಕೊಂಡ್ರೆ ಅದು ಸ್ವಾರ್ಥ ಅಲ್ವಾ? ಅದೂ ತಪಸ್ಸುಕಾಲದಲ್ಲಿ!"

ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ನಗುತ್ತಾ ತಳ್ಳಿಹಾಕುವಂತಿಲ್ಲ. ತಮ್ಮ ದೇಹದ ಬಗ್ಗೆ ಯೋಚಿಸುವುದೇ ಒಂದು ಬಗೆಯ ಲೋಭವೆಂದು ನಂಬಿ ಬಾಳಿದ ತಾಯಂದಿರು ನಮ್ಮ ಪ್ರತಿಯೊಂದು ಮನೆಯಲ್ಲೂ ಇದ್ದಾರೆ. ಅವರ ತ್ಯಾಗದ ಮುಂದೆ ನಾವು ತಲೆಬಾಗಲೇಬೇಕು. ಹಾಗೆಂದು ಆ ತ್ಯಾಗವನ್ನು ಅವರಿಂದ ದಿನವೂ ಪಡೆಯುತ್ತಲೇ ಇರುವುದು ನಮಗೆ ಒಪ್ಪುವ ಕೆಲಸವೇ? ಒಳ್ಳೆಯ ಆಹಾರ ಉಣ್ಣುವುದು ಒಂದು ಕರ್ತವ್ಯವೋ, ಅಥವಾ ಅನುಕೂಲಸ್ಥರ ಚಪಲವೋ?

ತುಂಬಿದ ಹೊಟ್ಟೆಯ ಹಸಿವು

ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಮಾತಿನ ಹಿಂದಿನ ಸತ್ಯ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ಒಂದು ಕೋಳಿಗೂಡಿನಲ್ಲಿ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್‌ಮನ್ ಅವರು ಬೆರಿಬೆರಿ ರೋಗಕ್ಕೆ ಕಾರಣ ಹುಡುಕುತ್ತಿದ್ದರು. ಆ ರೋಗ ಬಂದವರ ಕಾಲುಗಳು ಸೋಲುತ್ತಿದ್ದವು, ಹೃದಯ ನಿಲ್ಲುತ್ತಿತ್ತು. ಪ್ರಯೋಗಾಲಯದ ಕೋಳಿಗಳಿಗೂ ಅಂಥದೇ ರೋಗ ತಗುಲಿತು. ಗಮನಿಸಿ ನೋಡಿದಾಗ, ಪಾಲಿಷ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳು ಬೀಳುತ್ತಿದ್ದವು, ತವುಡು ಇದ್ದ ಅಕ್ಕಿ ತಿಂದವು ಏಳುತ್ತಿದ್ದವು. ಬಿದ್ದ ಕೋಳಿಗಳೇನೂ ಉಪವಾಸವಿರಲಿಲ್ಲ. ಅವುಗಳ ಹೊಟ್ಟೆ ತುಂಬಿತ್ತು, ಆದರೆ ತವುಡಿನೊಡನೆ ಹೊರಟುಹೋಗಿದ್ದ ಒಂದು ಸತ್ವ ಅವುಗಳಿಗೆ ಸಿಕ್ಕಿರಲಿಲ್ಲ. ಅದನ್ನೇ ನಾವು ಇಂದು ಬಿ1 ಜೀವಸತ್ವ ಎನ್ನುತ್ತೇವೆ. ಈ ಕೆಲಸಕ್ಕಾಗಿ 1929ರಲ್ಲಿ ಐಕ್‌ಮನ್ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಅಂದಿನಿಂದ ನಮಗೆ ತಿಳಿದದ್ದಿಷ್ಟು: ಒಂದೇ ಅಳತೆಯ ಎರಡು ತುತ್ತುಗಳಲ್ಲಿ ಒಂದು ಬರಿಯ ಬಲ ಕೊಟ್ಟು ಮುಗಿಯುತ್ತದೆ, ಇನ್ನೊಂದು ಬಲದ ಜೊತೆಗೆ ಎಲುಬಿಗೆ ಸುಣ್ಣಾಂಶ, ರಕ್ತಕ್ಕೆ ಕಬ್ಬಿಣ, ಮಾಂಸಖಂಡಕ್ಕೆ ಸಸಾರಜನಕ ಎಲ್ಲವನ್ನೂ ಹೊತ್ತು ತರುತ್ತದೆ. ನೂರು ಗ್ರಾಂ ಪಾಲಿಷ್ ಅಕ್ಕಿಯಲ್ಲಿರುವ ಸುಣ್ಣಾಂಶ ಹತ್ತು ಮಿಲಿಗ್ರಾಮಿನ ಆಸುಪಾಸು. ಅಷ್ಟೇ ರಾಗಿಯಲ್ಲಿ ಅದು ಸುಮಾರು 350 ಮಿಲಿಗ್ರಾಂ. ನುಗ್ಗೆ ಸೊಪ್ಪಿನಲ್ಲಿ 300ಕ್ಕೂ ಮಿಗಿಲು. ಹುರುಳಿಕಾಳಿನ ತೂಕದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಸಸಾರಜನಕವೇ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಸಸಾರಜನಕವಿದೆ. ಸೀಬೆಹಣ್ಣಿನಲ್ಲಿರುವ ಸಿ ಜೀವಸತ್ವ ಕಿತ್ತಳೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಗಮನಿಸಿ, ಈ ಪಟ್ಟಿಯಲ್ಲಿ ಪರದೇಶದಿಂದ ಬಂದ ಡಬ್ಬವಿಲ್ಲ. ಬಡವರ ಊಟವೆಂದು ನಾವೇ ಕೆಳಗಿಟ್ಟ ಪದಾರ್ಥಗಳಿವು. ನನ್ನ ಬಾಲ್ಯದಲ್ಲಿ ನೆಂಟರು ಬಂದರೆ ಮುದ್ದೆಯ ಪಾತ್ರೆಯನ್ನು ಒಳಗೆ ಸರಿಸಿ ಅನ್ನಕ್ಕಿಡುತ್ತಿದ್ದರು. ಈ ಕೀಳರಿಮೆ ಇಂದಿನದಲ್ಲ. ಹದಿನಾರನೆಯ ಶತಮಾನದಲ್ಲೇ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ರಾಗಿ ಮತ್ತು ಭತ್ತಗಳಿಗೆ ವಾದ ಹೂಡಿಸಿ, ಕೊನೆಗೆ ರಾಗಿಗೇ ಮಾನ ಸಲ್ಲುವಂತೆ ಮಾಡಿದರು. ನಮ್ಮ ಶುಭಸಂದೇಶದಲ್ಲೂ ಇಂಥದೊಂದು ಸಂಗತಿಯಿದೆ. ಐದು ಸಾವಿರ ಜನರಿಗೆ ಊಟವಿತ್ತ ಪ್ರಸಂಗವನ್ನು ಬರೆಯುವಾಗ ಸಂತ ಯೊವಾನ್ನರು ಆ ಹುಡುಗನ ಬಳಿಯಿದ್ದುದು ಜವೆಗೋದಿಯ ರೊಟ್ಟಿ ಎಂದು ಬಿಡಿಸಿ ಹೇಳುತ್ತಾರೆ. ಜವೆಗೋದಿ ಆ ನಾಡಿನ ಬಡವರ ಧಾನ್ಯ. ಪ್ರಭು ಅದನ್ನೇ ಕೈಗೆತ್ತಿಕೊಂಡು ಸ್ತೋತ್ರ ಸಲ್ಲಿಸಿದರು. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಪಟ್ಟಣದವರು ರಾಗಿಯನ್ನು ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆ ಸಂತೋಷವೇ, ಆದರೆ ಅದು ದಿನವೂ ತಟ್ಟೆಗೆ ಬಂದರಲ್ಲವೇ ಮೈಗೆ ಹತ್ತುವುದು?

ಈ ಆಹಾರಗಳ ಫಲ ತಕ್ಷಣ ಕಾಣುವಂಥದಲ್ಲ. ಅದರಿಂದಲೇ ನಾವು ಸುಲಭವಾಗಿ ಮೋಸಹೋಗುತ್ತೇವೆ. ಇವತ್ತು ಸೊಪ್ಪು ಬಿಟ್ಟರೆ ನಾಳೆ ಏನೂ ಆಗುವುದಿಲ್ಲ. ಎಲುಬಿನ ಗಟ್ಟಿತನ ಸುಮಾರು ಮೂವತ್ತನೆಯ ವಯಸ್ಸಿನವರೆಗೆ ಕೂಡುತ್ತಾ ಹೋಗುತ್ತದೆ. ಆಮೇಲೆ ಇರುವುದನ್ನು ಕಾಪಾಡಿಕೊಳ್ಳಬೇಕು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಅದು ಬೇಗಬೇಗ ಕರಗುತ್ತದೆ. ಅರವತ್ತೈದರ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರೆ ನಾವು ಒದ್ದೆ ನೆಲವನ್ನು ದೂರುತ್ತೇವೆ. ಹದಿನೈದರ ಹುಡುಗಿಯಾಗಿದ್ದಾಗ ಅವರ ತಟ್ಟೆಯಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ.

ಉಪವಾಸದ ಮಾತು

ನನ್ನ ಹೆಂಡತಿಯ ಪ್ರಶ್ನೆಯಲ್ಲಿ ತಪಸ್ಸುಕಾಲದ ಮಾತೂ ಇತ್ತು. ಅವಳು ವರ್ಷವಿಡೀ ಶುಕ್ರವಾರ ಒಪ್ಪತ್ತು ಮಾಡುತ್ತಿದ್ದಳು, ಮಕ್ಕಳ ಓದಿಗಾಗಿ ಹೊತ್ತ ಹರಕೆ ಅದು. ಸಂತರೆಲ್ಲ ಉಪವಾಸ ಮಾಡಿದವರೇ ಅಲ್ಲವೇ?

ಹೌದು. ಆದರೆ ಧರ್ಮಸಭೆ ಉಪವಾಸಕ್ಕೆ ಹಾಕಿರುವ ಮೇರೆಗಳನ್ನೂ ನೋಡೋಣ. ಉಪವಾಸದ ಕಟ್ಟಳೆ ಇರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು. ಹದಿನೆಂಟು ತುಂಬಿದವರಿಂದ ಹಿಡಿದು ಐವತ್ತೊಂಬತ್ತು ತುಂಬುವವರೆಗಿನವರಿಗೆ ಮಾತ್ರ ಅದು ಅನ್ವಯಿಸುತ್ತದೆ. ಆ ದಿನಗಳಲ್ಲೂ ಒಂದು ಪೂರ್ಣ ಊಟಕ್ಕೆ ಅವಕಾಶವಿದೆ. ರೋಗಿಗಳು, ಬಸುರಿ-ಬಾಣಂತಿಯರು ಇದಕ್ಕೆ ಬದ್ಧರಲ್ಲ. ದೇಹವನ್ನು ಮುರಿಯುವುದು ಉಪವಾಸದ ಗುರಿಯಾಗಿದ್ದರೆ ಇಷ್ಟೊಂದು ವಿನಾಯಿತಿಗಳ ಅಗತ್ಯವೇನಿತ್ತು?

ತಮ್ಮ ದೇಹವನ್ನು 'ಸೋದರ ಕತ್ತೆ' ಎಂದು ಕರೆದು ಕಠಿಣವಾಗಿ ದಂಡಿಸಿದ ಅಸ್ಸಿಸಿಯ ಸಂತ ಫ್ರಾನ್ಸಿಸರ ಬಗ್ಗೆ ಅವರ ಹಳೆಯ ಚರಿತ್ರಕಾರರು ಒಂದು ಸಂಗತಿ ಬರೆದಿಟ್ಟಿದ್ದಾರೆ. ಜೀವನದ ಕೊನೆಗಾಲದಲ್ಲಿ ಆ ಸಂತರು, ತಾವು ಈ ಸೋದರನಿಗೆ ಬಹಳ ಅಪರಾಧ ಮಾಡಿದ್ದೇವೆಂದು ಒಪ್ಪಿಕೊಂಡು ಅದರ ಕ್ಷಮೆ ಕೇಳಿದರಂತೆ. ಅಷ್ಟು ದೊಡ್ಡ ತಪಸ್ವಿಯೇ ದೇಹದ ಕ್ಷಮೆ ಕೇಳಿದ್ದಾರೆಂದರೆ ನಾವೂ ನಿಂತು ಯೋಚಿಸಬೇಕಾದದ್ದೇ.

ಎರಡನೇ ಜಾನ್ ಪಾಲ್ ಜಗದ್ಗುರುಗಳ ಕಾಲದಲ್ಲಿ, 1992ರಲ್ಲಿ ಪ್ರಕಟವಾದ ಧರ್ಮೋಪದೇಶ ಗ್ರಂಥ ಇಲ್ಲಿ ಎರಡೂ ಕಡೆಯ ಎಚ್ಚರ ಹೇಳುತ್ತದೆ. ಜೀವ ಮತ್ತು ಆರೋಗ್ಯ ದೇವರು ನಮ್ಮ ವಶಕ್ಕೆ ಕೊಟ್ಟಿರುವ ಅಮೂಲ್ಯ ವರಗಳು. ಇತರರ ಅಗತ್ಯಗಳನ್ನೂ ನೆನಪಿಟ್ಟು ನಾವು ಅವನ್ನು ತಕ್ಕ ಮಟ್ಟಿಗೆ ಕಾಪಾಡಿಕೊಳ್ಳಬೇಕು ಎನ್ನುವುದು ಒಂದು ಕಡೆ. ದೇಹವನ್ನೇ ಪೂಜಿಸಿ, ಅದಕ್ಕಾಗಿ ಉಳಿದೆಲ್ಲವನ್ನೂ ಬಲಿಕೊಡಬಾರದು ಎನ್ನುವುದು ಇನ್ನೊಂದು ಕಡೆ. ದೊಡ್ಡ ಡಬ್ಬದ ಪುಡಿಗಳನ್ನು ತರಿಸಿ, ದಿನಕ್ಕೆ ನಾಲ್ಕು ಸಲ ಕನ್ನಡಿ ನೋಡಿಕೊಳ್ಳುವ ಯುವಕರಿಗೆ ಎರಡನೆಯ ಮಾತು ಬೇಕು. ನಮ್ಮ ತಾಯಂದಿರಿಗೆ ಬೇಕಾದದ್ದು ಮೊದಲನೆಯದು. ನಾವು ಮಾತ್ರ ಬಹಳ ಸಲ ಇದನ್ನು ಅದಲುಬದಲು ಮಾಡಿ, ಉಣ್ಣದವರಿಗೇ ಸಂಯಮ ಬೋಧಿಸುತ್ತೇವೆ.

ಹಳೆಯ ಒಡಂಬಡಿಕೆಯಲ್ಲಿ ನನಗೆ ಬಹಳ ಪ್ರಿಯವಾದ ಒಂದು ಘಟನೆಯಿದೆ. ರಾಣಿ ಈಜೆಬೆಲಳಿಗೆ ಹೆದರಿ ಓಡಿದ ಪ್ರವಾದಿ ಎಲೀಯ, ಮರುಭೂಮಿಯ ಒಂದು ಗಿಡದ ಕೆಳಗೆ ಕುಸಿದು ಸಾವನ್ನು ಬೇಡುತ್ತಾನೆ. ಆಗ ಬಂದ ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ, ಅವಿಶ್ವಾಸಿ ಎಂದು ಗದರಿಸಲೂ ಇಲ್ಲ. ತಟ್ಟಿ ಎಬ್ಬಿಸಿ ಊಟ ಮಾಡೆಂದ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ನೀರೂ ಇದ್ದವು. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲ ಎಬ್ಬಿಸಿದ. ಮುಂದಿರುವ ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು, ಆದ್ದರಿಂದ ತಿನ್ನು ಎಂಬುದೇ ಅವನ ಮಾತಿನ ತಾತ್ಪರ್ಯ. ಆ ಊಟದ ಬಲದಿಂದ ಎಲೀಯ ನಲವತ್ತು ಹಗಲು ನಲವತ್ತು ಇರುಳು ನಡೆದು ಹೋರೇಬ್ ಬೆಟ್ಟ ಸೇರಿದ.

ಇಲ್ಲಿ ಊಟಕ್ಕೆ ಕಾರಣವಾದದ್ದು ಮುಂದಿನ ದಾರಿ, ನಾಲಿಗೆಯ ಚಪಲವಲ್ಲ. ಒಳ್ಳೆಯ ಆಹಾರವನ್ನು ಬಯಸುವುದು ಸ್ವಾರ್ಥವೇ ಎಂಬ ಪ್ರಶ್ನೆಗೆ ನಾನು ಇದಕ್ಕಿಂತ ಒಳ್ಳೆಯ ಉತ್ತರ ಕಂಡಿಲ್ಲ. ದೇವರು ಒಬ್ಬೊಬ್ಬರಿಗೆ ಒಂದೊಂದು ದಾರಿ ಇಟ್ಟಿದ್ದಾನೆ. ಇನ್ನೂ ಓದುತ್ತಿರುವ ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಮುಂದೆ ಹುಟ್ಟಲಿರುವ ಮೊಮ್ಮಕ್ಕಳು, ಎಲ್ಲರೂ ಆ ದಾರಿಯಲ್ಲಿದ್ದಾರೆ. ಅದನ್ನು ನಡೆಯಲು ಬೇಕಾದ ಬಲವನ್ನು ಉಳಿಸಿಕೊಳ್ಳುವವಳು ಯಾರಿಂದಲೂ ಏನನ್ನೂ ಕಸಿದುಕೊಳ್ಳುತ್ತಿಲ್ಲ.

ಪಂಕ್ತಿಯಲ್ಲಿ ನ್ಯಾಯ

ಹಾಗಾದರೆ ಮನೆಯಾಕೆ ಇನ್ನು ಮುಂದೆ ಚೆನ್ನಾಗಿ ತಿನ್ನಲಿ ಎಂದು ಹೇಳಿ ಮುಗಿಸಬಹುದೇ? ಹಾಗೆ ಮಾಡಿದರೆ ಹೊರೆಯನ್ನೆಲ್ಲ ಮತ್ತೆ ಅವಳ ಮೇಲೆಯೇ ಹಾಕಿದಂತಾಗುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಗಂಡಸರಲ್ಲಿ ಇದು ನೂರಕ್ಕೆ 25. ಮುಟ್ಟು, ಹೆರಿಗೆಗಳಿಂದ ಹೆಂಗಸರ ದೇಹದಲ್ಲಿ ಕಬ್ಬಿಣ ಹೆಚ್ಚು ಖರ್ಚಾಗುತ್ತದೆ, ಅದು ನಿಜ. ಖರ್ಚು ಹೆಚ್ಚಿರುವವರಿಗೆ ಪಾಲೂ ಹೆಚ್ಚಾಗಿ ಸಲ್ಲಬೇಕಲ್ಲವೇ? ನಮ್ಮ ಮನೆಗಳಲ್ಲಿ ನಡೆಯುವುದು ತಿರುಗಾಮುರುಗ. ಮೀನಿನ ನಡುತುಂಡು ಯಜಮಾನರಿಗೆ, ಮೊಟ್ಟೆ ಮಗನಿಗೆ, ಹಾಲಿನ ಕೆನೆ ಅಜ್ಜನಿಗೆ. ತಳದ ಸಾರು ಬಡಿಸಿದವಳಿಗೆ.

ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭಿಸಿದ 'ಮಾತೃಪೂರ್ಣ' ಯೋಜನೆ ಈ ಸಂಗತಿಯನ್ನು ಅರಿತೇ ರೂಪುಗೊಂಡದ್ದು. ಅದಕ್ಕೆ ಮುಂಚೆ ಬಸುರಿ-ಬಾಣಂತಿಯರಿಗೆ ಪಡಿಯನ್ನು ಮನೆಗೆ ಕೊಟ್ಟು ಕಳಿಸುತ್ತಿದ್ದರು. ಮನೆಗೆ ಹೋದ ಪಡಿ ಎಲ್ಲರ ತಟ್ಟೆಗೂ ಹಂಚಿಹೋಗುತ್ತಿತ್ತು. ಆದ್ದರಿಂದ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸಿ, ತಾಯಿ ಅಲ್ಲೇ ಕುಳಿತು ಉಣ್ಣುವ ಏರ್ಪಾಡು ಮಾಡಿದರು. ತಾಯಿಯೊಬ್ಬಳು ಹೊಟ್ಟೆತುಂಬ ಉಣ್ಣಲು ತನ್ನ ಮನೆಯಿಂದ ಹೊರಗೆ ಬರಬೇಕಾಯಿತು! ಸರ್ಕಾರಕ್ಕೆ ಅರ್ಥವಾದದ್ದು ಗಂಡಂದಿರಾದ ನಮಗೆ ಅರ್ಥವಾಗಲಿಲ್ಲವೇ?

ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ ಒಂದು ಕಟುವಾದ ಆಕ್ಷೇಪಣೆಯಿದೆ. ಪ್ರಭುವಿನ ಭೋಜನಕ್ಕಾಗಿ ಕೂಡಿಬಂದವರಲ್ಲಿ ಅನುಕೂಲಸ್ಥರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು; ತಡವಾಗಿ ಬಂದ ಬಡವರು ಹಸಿದೇ ಇರುತ್ತಿದ್ದರು. ಒಬ್ಬರಿಗಾಗಿ ಒಬ್ಬರು ಕಾಯಬೇಕೆಂದು ಪೌಲರು ಅವರಿಗೆ ಕಟ್ಟುನಿಟ್ಟಾಗಿ ಬರೆದರು. ಈ ವಾಕ್ಯಭಾಗವನ್ನು ನಾನು ದೇವಾಲಯದಲ್ಲಿ ಎಷ್ಟೋ ಸಲ ಕೇಳಿದ್ದೆ. ನನ್ನ ಮನೆಯ ಊಟಕ್ಕೂ ಅದು ಸಲ್ಲುತ್ತದೆಂದು ಹೊಳೆದದ್ದು ಆ ತಪಾಸಣೆಯ ದಿನ. ಅಡಿಗೆಮನೆಯಲ್ಲಿ ದುಡಿಯುತ್ತಿದ್ದ ಕಾರಣಕ್ಕೆ ತಡವಾಗಿ ಬಂದವಳಿಗಾಗಿ ಕಾಯದೆ ನಾವು ಉಂಡು ಎದ್ದಿದ್ದೆವು.

ಇನ್ನೊಂದು ಮಾತನ್ನೂ ಹೇಳಬೇಕು. ಸೊಪ್ಪು, ಕಾಳು, ಮೊಟ್ಟೆ ಎಂದು ಇಲ್ಲಿ ಬರೆಯುವುದು ಸುಲಭ. ದಿನಗೂಲಿಯ ಮೇಲೆ ನಿಂತ ಮನೆಯಲ್ಲಿ ಅಕ್ಕಿಯ ಜೊತೆಗೆ ಕಾಳು ಕೊಳ್ಳುವುದೇ ಕಷ್ಟವಾಗುವ ದಿನಗಳಿವೆ. ಅಂಥ ತಾಯಿಗೆ ಪೌಷ್ಟಿಕಾಂಶದ ಪಾಠ ಹೇಳಿ ಬರಿಗೈಯಲ್ಲಿ ಹಿಂದಿರುಗುವುದು ಧರ್ಮವಲ್ಲ. ಯಾಯೀರನ ಮಗಳನ್ನು ಸಾವಿನಿಂದ ಎಬ್ಬಿಸಿದ ಯೇಸುಸ್ವಾಮಿ ಮೊದಲು ಯೋಚಿಸಿದ್ದು ಅವಳ ಹೊಟ್ಟೆಯ ಬಗ್ಗೆ. ಅವಳಿಗೆ ತಿನ್ನಲು ಏನಾದರೂ ಕೊಡಿ ಎಂದು ಸುತ್ತ ನಿಂತವರಿಗೆ ಹೇಳಿದರು. ಸತ್ತವಳನ್ನು ಎಬ್ಬಿಸಿದವರು ಊಟದ ಕೆಲಸವನ್ನು ಮಾತ್ರ ಮನೆಯವರ ಕೈಗೇ ಬಿಟ್ಟರು. ತಪಸ್ಸುಕಾಲದಲ್ಲಿ ನಾವು ಬಿಟ್ಟ ಊಟದ ಹಣ ಪಕ್ಕದ ಬೀದಿಯ ಬಾಣಂತಿಗೆ ಒಂದು ತಟ್ಟು ಮೊಟ್ಟೆಯಾಗಿ ಹೋದರೆ ಆ ಉಪವಾಸಕ್ಕೆ ಅರ್ಥ ಬರುತ್ತದೆ.

ನಮ್ಮ ಮನೆಯಲ್ಲಿ ನಡೆದದ್ದು

ವೈದ್ಯೆ ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ರಕ್ತ ಕಡಿಮೆಯಾಗಲು ಬೇರೆ ಕಾರಣವಿದೆಯೇ ಎಂದೂ ಪರೀಕ್ಷೆ ಮಾಡಿಸಿದರು. ಅಷ್ಟು ಇಳಿದ ಮೇಲೆ ಊಟವೊಂದರಿಂದಲೇ ಸರಿಯಾಗುವುದಿಲ್ಲ, ಮಾತ್ರೆ ತಪ್ಪಿಸಬೇಡಿ ಎಂದು ಒತ್ತಿ ಹೇಳಿದರು. ಜೊತೆಗೆ ಕೆಲವು ಸಣ್ಣ ಕಿವಿಮಾತು. ಊಟವಾದ ಕೂಡಲೇ ಕಾಫಿ, ಟೀ ಬೇಡ. ಅದು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಅದು ಹತ್ತಿಸುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಇನ್ನೂ ಒಳ್ಳೆಯದು. ಮೀನು, ಮಾಂಸ, ಈಲಿ ತಿನ್ನುವವರಾದರೆ ಅವುಗಳಲ್ಲಿನ ಕಬ್ಬಿಣ ಬೇಗ ಮೈಗೂಡುತ್ತದೆ.

ಶುಕ್ರವಾರದ ಹರಕೆಯ ಬಗ್ಗೆ ನಮ್ಮ ವಿಚಾರಣೆಯ ಗುರುಗಳನ್ನು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ನಿಮ್ಮ ಒಪ್ಪತ್ತನ್ನ ಆರು ತಿಂಗಳು ನಿಮ್ಮ ಯಜಮಾನ್ರು ಹೊತ್ಕೊಳ್ಲಿ. ನೀವು ಆ ಹೊತ್ತಿನಲ್ಲಿ ಜಪಸರ ಮಾಡಿ, ಊಟಾನೂ ಮಾಡಿ" ಎಂದರು. ಹಾಗಾಗಿ ಶುಕ್ರವಾರದ ಒಪ್ಪತ್ತು ನನ್ನ ಪಾಲಿಗೆ ಬಂತು. ಮೊದಲ ವಾರವೇ ಸಂಜೆ ನಾಲ್ಕಕ್ಕೆ ಕಣ್ಣು ಕತ್ತಲಿಟ್ಟಂತಾಯಿತು. ರಕ್ತವೇ ಇಲ್ಲದ ಮೈಯಲ್ಲಿ ಅವಳು ಇದನ್ನು ಹೇಗೆ ಮಾಡಿದಳೋ!

ಊಟದ ಕ್ರಮವನ್ನೂ ಬದಲಾಯಿಸಿದೆವು. ಪಾತ್ರೆಗಳೆಲ್ಲ ನಡುವೆ ಬರುತ್ತವೆ. ಎಲ್ಲರೂ ಕೂತ ಮೇಲೆ ಪ್ರಾರ್ಥನೆ. ಪಲ್ಯದ ಬಟ್ಟಲು ಮೊದಲು ಅಮ್ಮನ ಕಡೆಗೆ ಹೋಗಬೇಕೆಂಬುದು ಮಗಳು ತಂದ ಕಾನೂನು. ಹೇಳಿದಷ್ಟು ಸಲೀಸಾಗಿ ಏನೂ ನಡೆಯಲಿಲ್ಲ. ಎಷ್ಟೋ ದಿನ ಅವಳು ಮಾತಿನ ನಡುವೆ ತನ್ನ ಮೊಟ್ಟೆಯನ್ನು ಮೆಲ್ಲನೆ ಮಗನ ತಟ್ಟೆಗೆ ದಾಟಿಸಿದ್ದುಂಟು. ಇಪ್ಪತ್ತೆರಡು ವರ್ಷದ ಅಭ್ಯಾಸ! ಒಂದು ದಿನ ಮಗನೇ ಅದನ್ನು ಎತ್ತಿ ಹಿಂದಿರುಗಿಸಿ, "ಅಮ್ಮಾ, ನೀನು ತಿಂದ್ರೇನೇ ನಾನು ತಿನ್ನೋದು" ಎಂದ. ಅವಳು ಏನೂ ಹೇಳದೆ ತಲೆ ತಗ್ಗಿಸಿ ತಿಂದಳು. ಅವಳ ಕಣ್ಣು ಒದ್ದೆಯಾಗಿದ್ದುದನ್ನು ನಾವೆಲ್ಲ ನೋಡಿಯೂ ನೋಡದವರಂತೆ ಇದ್ದೆವು.

ಆರು ತಿಂಗಳ ಮೇಲೆ ಪರೀಕ್ಷೆ ಮಾಡಿಸಿದಾಗ 11.6 ಬಂತು. ಅದರಲ್ಲಿ ಮಾತ್ರೆಯ ಪಾಲೆಷ್ಟು, ಊಟದ ಪಾಲೆಷ್ಟು ಎಂದು ವೈದ್ಯೆಯೂ ಬಿಡಿಸಿ ಹೇಳಲಿಲ್ಲ. ದೇವಾಲಯದ ಮೆಟ್ಟಿಲನ್ನು ಈಗ ಅವಳು ನಡುವೆ ನಿಲ್ಲದೆ ಹತ್ತುತ್ತಾಳೆ. ಇಷ್ಟು ದಿನ ನಡುವೆ ನಿಲ್ಲುತ್ತಿದ್ದಳೆಂಬುದೂ ನನಗೆ ಈಗಲೇ ಗೊತ್ತಾದದ್ದು.

ಈ ವಾರ ನಿಮ್ಮ ಮನೆಯಲ್ಲಿ ಊಟಕ್ಕೆ ಮುಂಚಿನ ಪ್ರಾರ್ಥನೆ ಮಾಡುವಾಗ ಒಮ್ಮೆ ಸುತ್ತಲೂ ನೋಡಿ. ಯಾರ ತಟ್ಟೆ ಇನ್ನೂ ಬಂದಿಲ್ಲ? ಪಾತ್ರೆಯ ಸಾರಂಶ ಯಾರ ಪಾಲಿಗೆ ಹೋಗುತ್ತಿದೆ, ತಿಳಿನೀರು ಯಾರಿಗೆ ಉಳಿಯುತ್ತಿದೆ? ಕುಟುಂಬದವರೆಲ್ಲ ಕೂತು ಇದನ್ನು ಮಾತಾಡಿಕೊಳ್ಳಿ. ಬಡಿಸುತ್ತಿರುವವರು ಬಂದು ಕೂರುವ ತನಕ ಅನ್ನ ಸ್ವಲ್ಪ ಆರಿದರೆ ಆರಲಿ, ಕಾಯೋಣ.